ಘಟಪ್ರಭೆಯ ನೀರಿನಿಂದ ಗುಡ್ಡದ ಗಾಳಿಯವರೆಗೆ



ಗಾಳಿ ಬಂದಾಗ ತೂರಿಕೊಳ್ಳಬೇಕು ಎಂಬ ಗಾದೆ ನಮಗೆಲ್ಲ ಗೊತ್ತು. ರಾಶಿ ಮಾಡುವ ರೈತ ಕಣದಲ್ಲಿ ನಿಂತು ಗಾಳಿಗಾಗಿ ಕಾಯುತ್ತಿದ್ದ ಕಾಲದ ಮಾತು ಅದು. ಗಾಳಿ ಯಾರಪ್ಪನ ಆಸ್ತಿಯೂ ಅಲ್ಲ, ಎಲ್ಲರ ಕಣದ ಮೇಲೂ ಬೀಸುತ್ತದೆ. ಆದರೆ ಅದು ಬೀಸುವ ಹೊತ್ತಿಗೆ ಬುಟ್ಟಿ ತುಂಬಿಕೊಂಡು ಸಿದ್ಧನಾಗಿ ನಿಂತವನಿಗೆ ಮಾತ್ರ ಕಾಳು ಬೇರೆ, ಹೊಟ್ಟು ಬೇರೆ ಆಗಿ ಸಿಗುತ್ತದೆ.

ಇಂದು ಬೆಳಗಾವಿ ಜಿಲ್ಲೆಯ ಗೋಕಾಕ, ಮೂಡಲಗಿ, ಹುಕ್ಕೇರಿ ಭಾಗದ ಎತ್ತರದ ನೆಲದಲ್ಲಿ ಗಾಳಿಯಿಂದ ವಿದ್ಯುತ್ ತಯಾರಿಸುವ ಮಾತು ನಡೆದಿದೆ. ಜನರ ಬಾಯಲ್ಲಿ ಈ ಯಂತ್ರಗಳ ಹೆಸರು 'ಫ್ಯಾನು'. ದೂರದಿಂದ ನೋಡಿದವರಿಗೆ ಇದೆಲ್ಲ ಹೊರಗಿನಿಂದ ಬಂದ ಹೊಸ ಸಂಗತಿ ಎನಿಸಬಹುದು. ಆದರೆ ಇತಿಹಾಸ ಬೇರೆಯೇ ಹೇಳುತ್ತದೆ. ಹೊಗೆಯಿಲ್ಲದ ವಿದ್ಯುತ್ತು ಈ ನೆಲಕ್ಕೆ ಹೊಸತಲ್ಲ. ನೂರಮೂವತ್ತು ವರ್ಷಗಳಿಗೂ ಹಿಂದೆ ಅದು ಇಲ್ಲಿ ಒಮ್ಮೆ ಬಂದಿತ್ತು. ಸ್ವಾತಂತ್ರ್ಯದ ನಂತರ ಮತ್ತೊಂದು ರೂಪದಲ್ಲಿ ಬಂತು. ಈಗ ಮೂರನೆಯ ಸಲ ಬರುತ್ತಿದೆ. ಪ್ರತಿ ಸಲವೂ ಅದು ಯಾರಿಗೆ ಏನು ಕೊಟ್ಟಿತು? ಈ ಸಲ ನಮ್ಮ ಪಾಲು ಏನು? ಈ ಎರಡು ಪ್ರಶ್ನೆಗಳನ್ನು ನಿಮ್ಮ ಮುಂದೆ ಇಡುವುದೇ ಈ ಲೇಖನದ ಉದ್ದೇಶ.

ಗಾಳಿಯನ್ನು ಮೊದಲು ದುಡಿಸಿಕೊಂಡವರು

ಗಾಳಿಯಂತ್ರ ಎಂದೊಡನೆ ಹಾಲೆಂಡ್ ದೇಶದ ಚಿತ್ರ ಕಣ್ಣ ಮುಂದೆ ಬರುತ್ತದೆ. ಆದರೆ ಗಾಳಿಗಿರಣಿಯ ಬಗ್ಗೆ ನಮಗೆ ಸಿಗುವ ಅತಿ ಹಳೆಯ ಸ್ಪಷ್ಟ ವಿವರಣೆಗಳು ಮುಸ್ಲಿಂ ಭೂಗೋಳಶಾಸ್ತ್ರಜ್ಞರವು. 10ನೆಯ ಶತಮಾನದ ಅಲ್-ಮಸ್‌ಊದಿ ಮತ್ತು ಅಲ್-ಇಸ್ತಖ್ರಿ ಇಬ್ಬರೂ ಸೀಸ್ತಾನ ಪ್ರಾಂತ್ಯದ ಗಾಳಿಗಿರಣಿಗಳನ್ನು ಉಲ್ಲೇಖಿಸಿದ್ದಾರೆ. ಇಂದಿನ ಇರಾನ್ ಮತ್ತು ಅಫ್ಘಾನಿಸ್ತಾನದ ಗಡಿಯಲ್ಲಿರುವ ಆ ಒಣ ಪ್ರದೇಶದಲ್ಲಿ ಬೇಸಿಗೆಯ ಸುಮಾರು ನಾಲ್ಕು ತಿಂಗಳು ಒಂದೇ ದಿಕ್ಕಿನಿಂದ ಬಿರುಗಾಳಿ ಬೀಸುತ್ತದೆ. ಅಲ್ಲಿಯ ಜನ ಅದನ್ನು 120 ದಿನಗಳ ಗಾಳಿ ಎಂದೇ ಕರೆಯುತ್ತಾರೆ. ಬೆಳೆ ಹಾಳುಮಾಡಿ ಕಣ್ಣಿಗೆ ಮರಳು ತುಂಬುವ ಆ ಗಾಳಿಯಿಂದಲೇ ಅವರು ಹಿಟ್ಟು ಬೀಸಿಕೊಂಡರು, ನೀರೆತ್ತಿಕೊಂಡರು.

ಅವರ ಯಂತ್ರ ಸರಳವಾಗಿತ್ತು. ನೆಟ್ಟಗೆ ನಿಂತ ಕಂಬವೊಂದಕ್ಕೆ ಮರದ ಅಥವಾ ಜೊಂಡಿನ ರೆಕ್ಕೆಗಳು. ಗಾಳಿ ಒಂದು ಬದಿಯಿಂದ ಮಾತ್ರ ನುಗ್ಗುವಂತೆ ಮಣ್ಣಿನ ಗೋಡೆ. ಕಂಬಕ್ಕೆ ಜೋಡಿಸಿದ ಬೀಸುವ ಕಲ್ಲು. ಇರಾನಿನ ನಶ್ತಿಫಾನ್ ಎಂಬ ಊರಿನಲ್ಲಿ ಇಂಥ ಹಳೆಯ ಗಿರಣಿಗಳ ಸಾಲನ್ನು ಇಂದಿಗೂ ನೋಡಬಹುದು. ಮುಂದೆ 1206ರಲ್ಲಿ ಅಲ್-ಜಝರಿ ಎಂಬ ಮಹಾನ್ ಶಿಲ್ಪಿ ನೀರೆತ್ತುವ ಯಂತ್ರಗಳು, ಗಡಿಯಾರಗಳು ಮೊದಲಾದ ಹತ್ತಾರು ಸಾಧನಗಳನ್ನು ಚಿತ್ರಸಹಿತ ವಿವರಿಸಿ ಗ್ರಂಥ ರಚಿಸಿದರು. ಅದನ್ನು ಓದಿದ ಕುಶಲಕರ್ಮಿ ತಾನೇ ಯಂತ್ರ ಕಟ್ಟಬಹುದಾದಷ್ಟು ವಿವರವಾಗಿ ಅವರು ಬರೆದಿದ್ದಾರೆ.

ಈ ಪರಂಪರೆಯನ್ನು ನೆನೆಯುವುದು ಹೆಮ್ಮೆಪಟ್ಟು ಸುಮ್ಮನಾಗುವುದಕ್ಕಲ್ಲ. ತಮ್ಮ ನೆಲದ ಗಾಳಿ ಯಾವ ತಿಂಗಳು, ಯಾವ ದಿಕ್ಕಿನಿಂದ, ಎಷ್ಟು ಬಲವಾಗಿ ಬೀಸುತ್ತದೆ ಎಂಬುದನ್ನು ಅವರು ಬಲ್ಲವರಾಗಿದ್ದರು. ಕೈಕೆಲಸ ಮಾಡುವವರ ಜ್ಞಾನವನ್ನು ವಿದ್ವಾಂಸರು ಗ್ರಂಥಕ್ಕೆ ಇಳಿಸಿದರು. ಕಸುಬು ಮತ್ತು ಓದು ಎರಡೂ ಒಂದಾಗಿದ್ದ ಕಾಲ ಅದು. ಈ ಮಾತನ್ನು ನೆನಪಿನಲ್ಲಿಡಿ, ಕೊನೆಯಲ್ಲಿ ಮತ್ತೆ ಬೇಕಾಗುತ್ತದೆ.

1887: ಒಂದೇ ವರ್ಷ, ಎರಡು ಹೆಜ್ಜೆ

ಈಗ ನಮ್ಮ ಗೋಕಾಕಕ್ಕೆ ಬರೋಣ. ಸಹ್ಯಾದ್ರಿಯಲ್ಲಿ ಹುಟ್ಟಿ ಕೃಷ್ಣೆಯನ್ನು ಸೇರುವ ಘಟಪ್ರಭಾ ನದಿ ಗೋಕಾಕ ಪಟ್ಟಣಕ್ಕಿಂತ ಸುಮಾರು 6 ಕಿಲೋಮೀಟರ್ ಮೊದಲು ಮರಳುಗಲ್ಲಿನ ಬಂಡೆಯಿಂದ ಸುಮಾರು 52 ಮೀಟರ್ ಕೆಳಕ್ಕೆ ಧುಮುಕುತ್ತದೆ. ಮಳೆಗಾಲದಲ್ಲಿ ಕುದುರೆಲಾಳದ ಆಕಾರದಲ್ಲಿ ಕೆಂಪಗೆ ಭೋರ್ಗರೆಯುವ ಈ ಜಲಪಾತವನ್ನೂ ಅದರ ಮೇಲಿನ ತೂಗುಸೇತುವೆಯನ್ನೂ ನೋಡಲು ನಾಡಿನ ಮೂಲೆಮೂಲೆಯಿಂದ ಜನ ಬರುತ್ತಾರೆ. ನೋಡಿ, ಕರದಂಟು ಕಟ್ಟಿಸಿಕೊಂಡು ಹೋಗುತ್ತಾರೆ. ಆದರೆ ಆ ದಡದ ಮೇಲೆ ನಿಂತಿರುವ ಹಳೆಯ ಕಟ್ಟಡಗಳ ಕಥೆ ಕೇಳುವವರು ಕಡಿಮೆ.

1885ರಲ್ಲಿ ಗೋಕಾಕ ವಾಟರ್ ಪವರ್ ಆ್ಯಂಡ್ ಮ್ಯಾನುಫ್ಯಾಕ್ಚರಿಂಗ್ ಕಂಪನಿ ಎಂಬ ಹೆಸರಿನಲ್ಲಿ ಇಲ್ಲಿ ನೂಲಿನ ಗಿರಣಿಗೆ ಬುನಾದಿ ಬಿತ್ತು. ಮುಂಬಯಿಯ ಫೋರ್ಬ್ಸ್ ಸಂಸ್ಥೆ ಇದರ ಹಿಂದೆ ಇತ್ತು. ಕಂಪನಿಯ ಹೆಸರನ್ನೇ ಗಮನಿಸಿ: ಮೊದಲು ಬರುವುದು ನೀರಿನ ಶಕ್ತಿ, ಆಮೇಲೆ ತಯಾರಿಕೆ. ಮುಂಬಯಿಯ ಗಿರಣಿಗಳು ಕಲ್ಲಿದ್ದಲು ಸುಟ್ಟು ಉಗಿಯಂತ್ರ ನಡೆಸುತ್ತಿದ್ದ ಕಾಲದಲ್ಲಿ, ಕಲ್ಲಿದ್ದಲಿನ ಗಣಿಗಳಿಂದ ನೂರಾರು ಮೈಲಿ ದೂರದ ಗೋಕಾಕದಲ್ಲಿ ಬೀಳುವ ನೀರೇ ಬಂಡವಾಳವಾಯಿತು. 1887ರಲ್ಲಿ ಜಲಪಾತದ ಬಲದಿಂದ ಇಲ್ಲಿ ಮೊದಲ ಬಾರಿಗೆ ವಿದ್ಯುತ್ ಉತ್ಪಾದನೆಯಾಯಿತೆಂದು ದಾಖಲಾಗಿದೆ. ಜಲಪಾತದ ಬುಡದ ಆ ಹಳೆಯ ವಿದ್ಯುದಾಗಾರಕ್ಕೆ ಇಳಿಯಲು ರೋಪ್‌ವೇ ಇತ್ತು.

ಈ ಇಸವಿಯ ಮಹತ್ವ ತಿಳಿಯಲು ಬೇರೆ ಇಸವಿಗಳ ಜೊತೆ ಇಟ್ಟು ನೋಡಬೇಕು. ಅಮೆರಿಕದ ಆಪಲ್‌ಟನ್ ಪಟ್ಟಣದಲ್ಲಿ ನೀರಿನಿಂದ ವಿದ್ಯುತ್ ತಯಾರಾದದ್ದು 1882ರಲ್ಲಿ. ಡಾರ್ಜಿಲಿಂಗ್ ಬಳಿಯ ಸಿದ್ರಾಪೊಂಗ್ ಕೇಂದ್ರ ಊರಿಗೆ ಬೆಳಕು ಕೊಟ್ಟದ್ದು 1897ರಲ್ಲಿ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಕೈಗೊಂಡ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿ ತಲುಪಿದ್ದು 1902ರಲ್ಲಿ, ಬೆಂಗಳೂರಿನ ಬೀದಿದೀಪ ಉರಿಸಿದ್ದು 1905ರಲ್ಲಿ. ಅಂದರೆ ಆಗ ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ನಮ್ಮ ಗೋಕಾಕ, ಭಾರತದ ಜಲಶಕ್ತಿಯ ಇತಿಹಾಸದ ಮೊದಲ ಪುಟಗಳಲ್ಲೇ ಇದೆ.

ಅದೇ 1887ರಲ್ಲಿ ಸಾವಿರಾರು ಮೈಲಿ ದೂರದ ಸ್ಕಾಟ್ಲೆಂಡಿನಲ್ಲಿ ಇನ್ನೊಂದು ಹೆಜ್ಜೆ ಬಿತ್ತು. ಜೇಮ್ಸ್ ಬ್ಲೈತ್ ಎಂಬ ಪ್ರಾಧ್ಯಾಪಕರು ಮೇರಿಕರ್ಕ್ ಎಂಬ ತಮ್ಮ ಹಳ್ಳಿಯಲ್ಲಿ ಬಟ್ಟೆಯ ಪಟಗಳಿದ್ದ ಗಾಳಿಯಂತ್ರ ನಿಲ್ಲಿಸಿ, ಅದರ ವಿದ್ಯುತ್ತನ್ನು ಬ್ಯಾಟರಿಗಳಲ್ಲಿ ಕೂಡಿಟ್ಟು ಮನೆಗೆ ದೀಪ ಹಚ್ಚಿದರು. ಗಾಳಿಯಿಂದ ವಿದ್ಯುತ್ ಪಡೆದ ಮೊದಲ ಪ್ರಯತ್ನ ಇದೇ ಎಂದು ಹೇಳುತ್ತಾರೆ. ಉಳಿದ ವಿದ್ಯುತ್ತಿನಿಂದ ಊರಿನ ಬೀದಿಗೆ ದೀಪ ಹಾಕಿಕೊಡುವೆನೆಂದು ಅವರು ಮುಂದೆ ಬಂದರು. ಊರವರು ಒಪ್ಪಲಿಲ್ಲ. ಇದು ಸೈತಾನನ ಕೆಲಸ ಎಂದು ಬೇಡವೆಂದರು! ಹೊಸ ವಿದ್ಯೆಯನ್ನು ಅರಿಯದೆ ದೂರ ತಳ್ಳುವುದು ಯಾವುದೋ ಒಂದು ಧರ್ಮದವರ, ಒಂದು ದೇಶದವರ ದೋಷವಲ್ಲ ಎಂಬುದಕ್ಕೆ ಇದು ಸಾಕ್ಷಿ. ಅದೇ ಚಳಿಗಾಲದಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ ಚಾರ್ಲ್ಸ್ ಬ್ರಷ್ 144 ರೆಕ್ಕೆಗಳ ದೊಡ್ಡ ಗಾಳಿಯಂತ್ರ ಕಟ್ಟಿ ತಮ್ಮ ಬಂಗಲೆಯನ್ನು ಬೆಳಗಿಸಿದರು.

ಗೋಕಾಕದ ಕಥೆಗೆ ಮರಳಿದರೆ, ಆ ಮೊದಲ ಅಲೆ ಇಲ್ಲಿಯ ಜನರಿಗೆ ಕೊಟ್ಟದ್ದೇನು? ಗಿರಣಿಯ ಕೆಲಸ ಕೊಟ್ಟಿತು. ಸುತ್ತಲಿನ ಹಳ್ಳಿಗಳ ಎಲ್ಲ ಜಾತಿ ಧರ್ಮಗಳ ಕುಟುಂಬಗಳು ಆ ಕೂಲಿಯಿಂದ ಬದುಕಿದವು, ಗೋಕಾಕ ಫಾಲ್ಸ್ ಎಂಬ ಊರೇ ಬೆಳೆಯಿತು. ಇದನ್ನು ಮರೆಯಬಾರದು. ಆದರೆ ವಿದ್ಯುತ್ತು ತಯಾರಾದದ್ದು ಗಿರಣಿಗಾಗಿ. ನದಿ ನಮ್ಮದು, ಬಂಡೆ ನಮ್ಮದು, ಬೆವರು ನಮ್ಮದು. ಯಂತ್ರದ ವಿದ್ಯೆ ಮತ್ತು ಒಡೆತನ ಹೊರಗಿನವರದು. ಆಳುವವರು ಬ್ರಿಟಿಷರಾಗಿದ್ದ ಕಾಲದಲ್ಲಿ ಬೇರೆ ರೀತಿ ಆಗುವುದು ಸಾಧ್ಯವೂ ಇರಲಿಲ್ಲ.

ಹಳ್ಳಿಯ ಶಾಲೆಯಿಂದ ಹೊರಟ ವಿದ್ಯೆ

ಬೇರೆ ರೀತಿ ಸಾಧ್ಯವಿದ್ದ ಒಂದು ದೇಶದ ಉದಾಹರಣೆ ನೋಡೋಣ. ಅದು ಡೆನ್ಮಾರ್ಕ್. ಕಲ್ಲಿದ್ದಲು ಇಲ್ಲ, ದೊಡ್ಡ ಜಲಪಾತವಿಲ್ಲ. ಇರುವುದು ಹೊಲ, ಹಸು ಮತ್ತು ಸಮುದ್ರದ ಗಾಳಿ. 1891ರಲ್ಲಿ ಪೌಲ್ ಲಾ ಕೂರ್ ಎಂಬ ಶಿಕ್ಷಕರು ಆಸ್ಕೋವ್ ಎಂಬ ಹಳ್ಳಿಯಲ್ಲಿ ವಿದ್ಯುತ್ ತಯಾರಿಸುವ ಗಾಳಿಯಂತ್ರ ನಿಲ್ಲಿಸಿದರು. ಅವರು ಪಾಠ ಹೇಳುತ್ತಿದ್ದುದು ರೈತರ ಮಕ್ಕಳಿಗಾಗಿ ನಡೆಯುತ್ತಿದ್ದ ಜನತಾ ಪ್ರೌಢಶಾಲೆಯಲ್ಲಿ. ಹೆಚ್ಚು ರೆಕ್ಕೆ ಇದ್ದಷ್ಟೂ ಹೆಚ್ಚು ಶಕ್ತಿ ಎಂಬ ಆಗಿನ ನಂಬಿಕೆಯನ್ನು ಅವರು ಪರೀಕ್ಷಿಸಿ ನೋಡಿ, ವೇಗವಾಗಿ ತಿರುಗುವ ಕೆಲವೇ ರೆಕ್ಕೆಗಳು ಉತ್ತಮ ಎಂದು ತೋರಿಸಿದರು. ಇಂದಿನ ಯಂತ್ರಗಳಿಗೆ ಮೂರೇ ರೆಕ್ಕೆಗಳಿರುವುದರ ಹಿಂದೆ ಆ ತಿಳಿವಳಿಕೆ ಇದೆ.

ಅದಕ್ಕಿಂತ ದೊಡ್ಡ ಕೆಲಸ ಅವರು ಮಾಡಿದ್ದು ಇನ್ನೊಂದು. ಹಳ್ಳಿಯ ಯುವಕರನ್ನು ಕೂರಿಸಿಕೊಂಡು ಗ್ರಾಮೀಣ ವಿದ್ಯುತ್ ಕೆಲಸಗಾರರ ತರಬೇತಿ ನಡೆಸಿದರು. ಆ ಶಿಷ್ಯರಲ್ಲೊಬ್ಬರಾದ ಯೊಹಾನೆಸ್ ಯೂಲ್ ಅರ್ಧ ಶತಮಾನದ ಬಳಿಕ, 1957ರಲ್ಲಿ, ಗೆಡ್ಸರ್ ಎಂಬಲ್ಲಿ 200 ಕಿಲೋವ್ಯಾಟಿನ ಮೂರು ರೆಕ್ಕೆಯ ಯಂತ್ರ ಕಟ್ಟಿದರು. 1970ರ ದಶಕದಲ್ಲಿ ತೈಲದ ಬೆಲೆ ಏರಿ ಜಗತ್ತು ಕಂಗೆಟ್ಟಾಗ ಎಲ್ಲರೂ ತಿರುಗಿ ನೋಡಿದ್ದು ಆ ಯಂತ್ರದ ಕಡೆಗೆ. ಅಲ್ಲಿಯ ರೈತರೂ ನೆರೆಹೊರೆಯವರೂ ಸೇರಿ ಸಹಕಾರಿ ತತ್ವದಲ್ಲಿ ಗಾಳಿಯಂತ್ರ ಹಾಕಿಕೊಂಡರು. 2000ದಲ್ಲಿ ಕೋಪನ್‌ಹೇಗನ್ ನಗರದ ಎದುರು ಸಮುದ್ರದಲ್ಲಿ ನಿಂತ 20 ಯಂತ್ರಗಳಲ್ಲಿ ಅರ್ಧದಷ್ಟರ ಒಡೆಯರು ಎಂಟು ಸಾವಿರಕ್ಕೂ ಹೆಚ್ಚು ಸಾಮಾನ್ಯ ಸದಸ್ಯರ ಒಂದು ಸಹಕಾರಿ ಸಂಘ.

ಒಂದು ಶಾಲೆ, ಒಬ್ಬ ಶಿಕ್ಷಕ, ಒಂದು ಸಹಕಾರಿ ಸಂಘ. ಇಷ್ಟರಿಂದ ಒಂದು ಚಿಕ್ಕ ದೇಶ ಜಗತ್ತಿಗೇ ಗಾಳಿಯಂತ್ರ ಮಾರುವಂತಾಯಿತು.

ಹುಕ್ಕೇರಿಯ ಹೆಮ್ಮೆ

ಸಹಕಾರಿ ಸಂಘ ವಿದ್ಯುತ್ತು ನಡೆಸುವುದು ಡೆನ್ಮಾರ್ಕಿನಲ್ಲಿ ಮಾತ್ರ ಸಾಧ್ಯ ಎಂದುಕೊಂಡಿರಾ? ಹಾಗಾದರೆ ಆದಿಲ್‌ಶಾಹಿ ಕಾಲದ ಗುಮ್ಮಟಗಳಿಗೆ ಹೆಸರಾದ ನಮ್ಮ ಹುಕ್ಕೇರಿಗೆ ಬನ್ನಿ.

1956ರಲ್ಲಿ ಬೆಳಗಾವಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದಾಗ ಹಳ್ಳಿಗಳ ಬಹುಪಾಲು ಮನೆಗಳಲ್ಲಿ ಚಿಮಣಿ ದೀಪವೇ ಇತ್ತು. 1969ರಲ್ಲಿ ಕೇಂದ್ರ ಸರಕಾರ ಗ್ರಾಮೀಣ ವಿದ್ಯುದೀಕರಣ ನಿಗಮ ಸ್ಥಾಪಿಸಿತು. ಅಮೆರಿಕದ ಹಳ್ಳಿಗಳಿಗೆ ವಿದ್ಯುತ್ತು ಒಯ್ದಿದ್ದ ಸಹಕಾರಿ ಸಂಘಗಳ ಮಾದರಿಯನ್ನು ನಮ್ಮ ದೇಶದ ಐದು ಕಡೆ ಪ್ರಯೋಗ ಮಾಡಿ ನೋಡುವುದೆಂದು ಆಗ ನಿಶ್ಚಯವಾಯಿತು. ಆ ಐದು ಕಡೆಗಳು: ಆಂಧ್ರದ ಸಿರಿಸಿಲ್ಲ, ಗುಜರಾತಿನ ಕೊಡಿನಾರ್, ಮಹಾರಾಷ್ಟ್ರದ ಮುಳಾ-ಪ್ರವರಾ, ಉತ್ತರ ಪ್ರದೇಶದ ಲಖನೌ, ಮತ್ತು ನಮ್ಮ ಹುಕ್ಕೇರಿ. ಹೀಗೆ ಹುಟ್ಟಿದ್ದು ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ.

ಈ ಸಂಘ ತಾನೇ ವಿದ್ಯುತ್ತು ತಯಾರಿಸುವುದಿಲ್ಲ. ಸಗಟಾಗಿ ಖರೀದಿಸಿ, ತನ್ನ ಕಂಬ-ತಂತಿಗಳ ಮೂಲಕ ಮನೆ, ಹೊಲ, ಅಂಗಡಿಗಳಿಗೆ ಹಂಚುತ್ತದೆ. ಸದಸ್ಯರೇ ಆಡಳಿತ ಮಂಡಳಿಯನ್ನು ಆರಿಸುತ್ತಾರೆ. ಕರ್ನಾಟಕದ ಬೇರೆಲ್ಲ ಕಡೆ ಮೊದಲು ವಿದ್ಯುತ್ ಮಂಡಳಿ, ಆಮೇಲೆ ಹೆಸ್ಕಾಂನಂಥ ಕಂಪನಿಗಳು ಈ ಕೆಲಸ ಮಾಡುತ್ತ ಬಂದಿವೆ. ಜನರ ಸಹಕಾರಿ ಸಂಘವೇ ತಾಲ್ಲೂಕಿಗೆ ವಿದ್ಯುತ್ತು ಹಂಚುವುದು ಇಡೀ ರಾಜ್ಯದಲ್ಲಿ ಹುಕ್ಕೇರಿಯಲ್ಲಿ ಮಾತ್ರ. ಐದು ಪ್ರಯೋಗಗಳಲ್ಲಿ ಎಲ್ಲವೂ ಬಾಳಲಿಲ್ಲ. ಮುಳಾ-ಪ್ರವರಾ ಸಂಘದ ವಿತರಣೆಯ ಕೆಲಸ 2011ರಲ್ಲಿ ಕೊನೆಗೊಂಡಿತು. ಹುಕ್ಕೇರಿ ಉಳಿದಿದೆ. ಯಾವ ಸಂಘವೂ ದೋಷರಹಿತವಲ್ಲ. ಚುನಾವಣೆಯ ಪೈಪೋಟಿ, ಬಾಕಿ ವಸೂಲಿ, ತಂತಿಯಲ್ಲಿ ಸೋರುವ ವಿದ್ಯುತ್ತು, ಇವು ಇಂಥ ಎಲ್ಲ ಸಂಸ್ಥೆಗಳಿಗೂ ಇರುವ ತೊಡಕುಗಳು. ಆದರೂ ಐವತ್ತು ವರ್ಷಗಳಿಗೂ ಮೀರಿ ಒಂದು ತಾಲ್ಲೂಕಿನ ಜನ ತಮ್ಮ ದೀಪದ ಜವಾಬ್ದಾರಿಯನ್ನು ತಾವೇ ಹೊತ್ತದ್ದು ಸಣ್ಣ ಮಾತಲ್ಲ.

ಇದೇ ತಾಲ್ಲೂಕಿನ ಹಿಡಕಲ್ ಬಳಿ ಘಟಪ್ರಭೆಗೆ ಕಟ್ಟಿದ ರಾಜಾ ಲಖಮಗೌಡ ಜಲಾಶಯ 1970ರ ದಶಕದಲ್ಲಿ ಪೂರ್ಣಗೊಂಡಿತು. ಸುಮಾರು 51 ಟಿಎಂಸಿ ನೀರು ಹಿಡಿಯುವ ಈ ಜಲಾಶಯದ ಬುಡದಲ್ಲಿ 1992ರಿಂದ 16 ಮೆಗಾವ್ಯಾಟಿನ ಎರಡು ಯಂತ್ರಗಳು ವಿದ್ಯುತ್ತು ಕೊಡುತ್ತಿವೆ. ಕಾಲುವೆಗೆ ಬಿಡುವ ನೀರೇ ಮೊದಲು ಯಂತ್ರ ತಿರುಗಿಸಿ ಆಮೇಲೆ ಹೊಲಕ್ಕೆ ಹೋಗುತ್ತದೆ. ಇದರ ಹಿಂದೆ ಮುಳುಗಡೆಯಾದ ಊರುಗಳ ಜನರ ತ್ಯಾಗವೂ ಇದೆ ಎಂಬುದನ್ನು ನಾವು ನೆನೆಯಬೇಕು.

ಪ್ರವಾದಿ ಮುಹಮ್ಮದ್ (ಸ) ಅವರ ಒಂದು ಪ್ರಸಿದ್ಧ ಬೋಧನೆ ಇದೆ. ನೀರು, ಹುಲ್ಲುಗಾವಲು ಮತ್ತು ಬೆಂಕಿ ಈ ಮೂರರಲ್ಲಿ ಜನರೆಲ್ಲ ಪಾಲುದಾರರು ಎಂಬುದು ಅದರ ಸಾರ. ಬೆಂಕಿ ಎಂದರೆ ಆ ಕಾಲದ ಇಂಧನ, ಬೆಳಕು, ಶಾಖ. ಇಂದಿನ ಭಾಷೆಯಲ್ಲಿ ಅದನ್ನು ವಿದ್ಯುತ್ತು ಎಂದರೆ ತಪ್ಪಾಗದು. ದೇವರು ಎಲ್ಲರಿಗೂ ಕೊಟ್ಟದ್ದರಲ್ಲಿ ಎಲ್ಲರಿಗೂ ಪಾಲಿರಬೇಕು ಎಂಬ ಈ ನ್ಯಾಯವೇ ಸಹಕಾರ ತತ್ವದ ಜೀವಾಳ. ಹಿಂದೂ-ಮುಸ್ಲಿಂ-ಜೈನ ಎಂಬ ಭೇದವಿಲ್ಲದೆ ಹುಕ್ಕೇರಿಯ ಎಲ್ಲ ಮನೆಗಳಿಗೂ ಒಂದೇ ತಂತಿಯಲ್ಲಿ ಬೆಳಕು ಹರಿಯುವುದರಲ್ಲಿ ಆ ನ್ಯಾಯ ಕಾಣುತ್ತದೆ.

ಗಾಳಿಯ ನಕ್ಷೆ ಬರೆದ ಮಹಿಳೆ

ಮೂರನೆಯ ಅಲೆ ಗಾಳಿಯದು. ನಮ್ಮ ದೇಶದಲ್ಲಿ ಇದು ದಿಢೀರನೆ ಬಂದದ್ದಲ್ಲ. ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯ 1960ರ ದಶಕದಲ್ಲೇ ನೀರೆತ್ತುವ ಗಾಳಿಯಂತ್ರಗಳನ್ನು ರೂಪಿಸಿತ್ತು. ಆದರೆ ಎಲ್ಲಿ ಎಷ್ಟು ಗಾಳಿ ಇದೆ ಎಂದು ತಿಳಿಯದೆ ಯಂತ್ರ ನಿಲ್ಲಿಸುವುದು ನೀರು ನೋಡದೆ ಬಾವಿ ತೋಡಿದಂತೆ. ಆ ಕೆಲಸಕ್ಕೆ ಹೆಗಲು ಕೊಟ್ಟವರು ಅನ್ನಾ ಮಣಿ (1918-2001). ಕೇರಳದಲ್ಲಿ ಹುಟ್ಟಿ, ಬೆಂಗಳೂರಿನಲ್ಲಿ ಸರ್ ಸಿ.ವಿ. ರಾಮನ್ ಅವರ ಬಳಿ ಸಂಶೋಧನೆ ಮಾಡಿ, ಭಾರತೀಯ ಹವಾಮಾನ ಇಲಾಖೆಯ ಉಪ ಮಹಾನಿರ್ದೇಶಕಿಯಾಗಿ ನಿವೃತ್ತರಾದ ವಿಜ್ಞಾನಿ ಅವರು. ನಿವೃತ್ತಿಯ ನಂತರವೂ ಸುಮ್ಮನೆ ಕೂರದೆ ದೇಶದ ನೂರಾರು ಕಡೆ ಗಾಳಿಯ ವೇಗ ಅಳೆಯುವ ಕಾರ್ಯವನ್ನು ಮುನ್ನಡೆಸಿದರು. ಭಾರತದ ಪವನಶಕ್ತಿಯ ಮಾಹಿತಿಗ್ರಂಥ 1983ರಲ್ಲಿ ಹೊರಬಂತು. ನಮ್ಮ ಹೆಣ್ಣುಮಕ್ಕಳು ಈ ಹೆಸರನ್ನು ಮರೆಯಬಾರದು.

1986ರ ಹೊತ್ತಿಗೆ ಗುಜರಾತ್, ತಮಿಳುನಾಡು, ಮಹಾರಾಷ್ಟ್ರದ ಕರಾವಳಿಯಲ್ಲಿ 55 ಕಿಲೋವ್ಯಾಟಿನ ಸಣ್ಣ ಯಂತ್ರಗಳು ನಿಂತವು. ನಮ್ಮ ರಾಜ್ಯದಲ್ಲಿ ನವೀಕರಿಸಬಹುದಾದ ಇಂಧನಕ್ಕಾಗಿಯೇ 1996ರಲ್ಲಿ ಕ್ರೆಡಲ್ ಸಂಸ್ಥೆ ಸ್ಥಾಪನೆಯಾಯಿತು. ಚಿತ್ರದುರ್ಗದ ಬೆಟ್ಟಗಳು, ಗದಗಿನ ಕಪ್ಪತಗುಡ್ಡದ ಸೀಮೆ, ಆಮೇಲೆ ವಿಜಯಪುರ, ಬೆಳಗಾವಿ ಜಿಲ್ಲೆಗಳು ಹೀಗೆ ಗಾಳಿಯಂತ್ರಗಳು ಹರಡಿದವು. ಮಾರ್ಚ್ 2025ರ ಕೊನೆಗೆ ದೇಶದ ಪವನ ವಿದ್ಯುತ್ ಸಾಮರ್ಥ್ಯ 50,000 ಮೆಗಾವ್ಯಾಟ್ ದಾಟಿತು. ಅದರಲ್ಲಿ ಕರ್ನಾಟಕದ ಪಾಲು 7,000 ಮೆಗಾವ್ಯಾಟಿಗೂ ಹೆಚ್ಚು. 2024-25ನೆಯ ಒಂದೇ ವರ್ಷದಲ್ಲಿ 1,331 ಮೆಗಾವ್ಯಾಟ್ ಹೊಸದಾಗಿ ಸೇರಿಸಿ ನಮ್ಮ ರಾಜ್ಯ ಆ ವರ್ಷ ದೇಶದಲ್ಲೇ ಮೊದಲಿಗನಾಯಿತು. ಮೂಡಲಗಿ ಗೋಕಾಕದಿಂದ ಬೇರೆಯಾಗಿ ತಾಲ್ಲೂಕಾದದ್ದೂ ಈಚಿನ ವರ್ಷಗಳಲ್ಲೇ. ಹೊಸ ತಾಲ್ಲೂಕಿನ ಮಕ್ಕಳು ಬೆಳೆಯುವುದು ಈ ಹೊಸ ಉದ್ಯಮದ ಜೊತೆಜೊತೆಗೇ.

ಲೆಕ್ಕದಲ್ಲಿ ನೋಡೋಣ

ವಿದ್ಯಾರ್ಥಿಗಳೇ, ಇದರ ಹಿಂದಿನ ವಿಜ್ಞಾನ ನಿಮ್ಮ ಪಠ್ಯದಲ್ಲೇ ಇದೆ. ಸೆಕೆಂಡಿಗೆ ಒಂದು ಘನಮೀಟರ್ ನೀರು 52 ಮೀಟರ್ ಎತ್ತರದಿಂದ ಬಿದ್ದರೆ ಅದರಲ್ಲಿರುವ ಶಕ್ತಿ ಸುಮಾರು 510 ಕಿಲೋವ್ಯಾಟ್. ಗೋಕಾಕದ ಎಂಜಿನಿಯರರು ಹಿಡಿದದ್ದು ಈ ಶಕ್ತಿಯನ್ನು. ಗಾಳಿಯ ಲೆಕ್ಕ ಇನ್ನೂ ಸ್ವಾರಸ್ಯವಾದದ್ದು. ಗಾಳಿಯ ವೇಗ ಎರಡು ಪಟ್ಟಾದರೆ ಶಕ್ತಿ ಎರಡು ಪಟ್ಟಲ್ಲ, ಎಂಟು ಪಟ್ಟಾಗುತ್ತದೆ. ತಗ್ಗಿನಲ್ಲಿ ಸೆಕೆಂಡಿಗೆ 6 ಮೀಟರ್ ಬೀಸುವ ಗಾಳಿ ಗುಡ್ಡದ ಮೇಲೆ 7 ಮೀಟರ್ ಬೀಸಿದರೆ ಶಕ್ತಿ ಒಂದೂವರೆ ಪಟ್ಟಿಗಿಂತ ಹೆಚ್ಚು. ಗುಡ್ಡವನ್ನೂ ಎತ್ತರದ ಕಂಬವನ್ನೂ ಹುಡುಕುವುದು ಇದೇ ಕಾರಣಕ್ಕೆ. ಆದರೆ ಬೀಸುವ ಗಾಳಿಯ ಶಕ್ತಿಯೆಲ್ಲವನ್ನೂ ಯಾವ ಯಂತ್ರವೂ ಹಿಡಿಯಲಾರದು, ಶೇಕಡಾ 59.3 ಅದರ ಮೇಲ್ಮಿತಿ ಎಂದು ಜರ್ಮನಿಯ ಬೆಟ್ಜ್ 20ನೆಯ ಶತಮಾನದ ಆರಂಭದಲ್ಲೇ ಲೆಕ್ಕ ಹಾಕಿ ತೋರಿಸಿದ್ದಾರೆ.

ಈಗಿನ 3 ಮೆಗಾವ್ಯಾಟಿನ ಒಂದು ಯಂತ್ರ ವರ್ಷದ ಸರಾಸರಿಯಲ್ಲಿ ತನ್ನ ಸಾಮರ್ಥ್ಯದ ಶೇಕಡಾ 30ರಷ್ಟು ದುಡಿದರೆ ಸುಮಾರು 79 ಲಕ್ಷ ಯೂನಿಟ್ ಸಿಗುತ್ತದೆ. ತಿಂಗಳಿಗೆ 100 ಯೂನಿಟ್ ಬಳಸುವ 6,500 ಮನೆಗಳ ಬಳಕೆಗೆ ಅದು ಸಮ. ಇಷ್ಟೇ ವಿದ್ಯುತ್ತನ್ನು ರಾಯಚೂರಿನಂಥ ಶಾಖೋತ್ಪನ್ನ ಕೇಂದ್ರದಲ್ಲಿ ಪಡೆಯಲು ಸಾವಿರಾರು ಟನ್ ಕಲ್ಲಿದ್ದಲನ್ನು ರೈಲಿನಲ್ಲಿ ತಂದು ಸುಡಬೇಕು; ಹೊಗೆ, ಬೂದಿ, ಇಂಗಾಲದ ಡೈಆಕ್ಸೈಡ್ ಎಲ್ಲವನ್ನೂ ಹೊರಬಿಡಬೇಕು. 2023ರಲ್ಲಿ ಗೃಹಜ್ಯೋತಿ ಯೋಜನೆ ಬಂದ ಮೇಲೆ ಅನೇಕ ಮನೆಗಳಿಗೆ ಶೂನ್ಯ ಬಿಲ್ಲು ಬಂದಿದೆ, ಸಂತೋಷ. ಆದರೆ ಬಿಲ್ಲಿನಲ್ಲಿ ಸೊನ್ನೆ ಇದ್ದ ಮಾತ್ರಕ್ಕೆ ವಿದ್ಯುತ್ತಿಗೆ ಬೆಲೆಯೇ ಇಲ್ಲ ಎಂದಲ್ಲ. ಯಾರೋ ಒಬ್ಬರು, ಎಲ್ಲೋ ಒಂದು ಕಡೆ, ಅದರ ಬೆಲೆ ತೆರುತ್ತಲೇ ಇರುತ್ತಾರೆ.

ಗಾಳಿಗೂ ತನ್ನ ಮಿತಿಗಳಿವೆ. ಅದು ನಾವು ಕರೆದಾಗ ಬರುವುದಿಲ್ಲ. ಆಷಾಢದಲ್ಲಿ ಮೈಮರೆತು ಬೀಸುತ್ತದೆ, ಬೇರೆ ತಿಂಗಳಲ್ಲಿ ಸಪ್ಪಗಾಗುತ್ತದೆ. ಹಗಲಿನ ಸೌರಶಕ್ತಿ, ಜಲಾಶಯದಲ್ಲಿ ಕೂಡಿಟ್ಟ ನೀರು, ಗಾಳಿ ಈ ಮೂರೂ ಒಂದಕ್ಕೊಂದು ಕೈಗೂಡಿಸಿದಾಗಲೇ ದಿನವಿಡೀ ದೀಪ ಉರಿದೀತು. ಯಂತ್ರಗಳ ಸಪ್ಪಳ, ತಿರುಗುವ ರೆಕ್ಕೆಯ ನೆರಳು ಹತ್ತಿರದ ಮನೆಗಳಿಗೆ ತೊಂದರೆ ಕೊಡಬಹುದು. ಹಕ್ಕಿಗಳಿಗೆ ಅಪಾಯವುಂಟು. ಧೂಪದಾಳ ಜಲಾಶಯದ ಸುತ್ತ 1974ರಲ್ಲಿ ಘೋಷಿತವಾದ ಘಟಪ್ರಭಾ ಪಕ್ಷಿಧಾಮಕ್ಕೆ ಚಳಿಗಾಲದಲ್ಲಿ ದೂರದೇಶದ ಕೊಕ್ಕರೆಗಳು, ಕ್ರೌಂಚಗಳು ಬರುತ್ತವೆ. ಅವುಗಳ ಹಾದಿ ಬಿಟ್ಟು ಯಂತ್ರ ನಿಲ್ಲಿಸುವ ವಿವೇಕ ಬೇಕು. ಜಮೀನು ಕೊಡುವ ರೈತ ಕರಾರುಪತ್ರವನ್ನು ಓದಿ, ಅರ್ಥವಾಗದಿದ್ದರೆ ಓದಿಸಿ ಕೇಳಿ, ಆಮೇಲೆ ಸಹಿ ಮಾಡಬೇಕು. ಎಷ್ಟು ವರ್ಷದ ಕರಾರು? ಬಾಡಿಗೆ ಏರುವುದು ಹೇಗೆ? ದಾರಿಗೆ, ತಂತಿಗೆ ಹೋದ ನೆಲಕ್ಕೆ ಪರಿಹಾರವೇನು? ಅವಧಿ ಮುಗಿದ ಮೇಲೆ ಯಂತ್ರ ಕಿತ್ತು ನೆಲ ಸರಿಮಾಡುವವರು ಯಾರು? ಈ ಪ್ರಶ್ನೆಗಳನ್ನು ಮನೆಯ ಓದಿದ ಮಗ, ಮಗಳು ಕೇಳಬೇಕು. ಓದಿನ ಉಪಯೋಗ ಅಲ್ಲಿಂದಲೇ ಆರಂಭವಾಗಲಿ.

ನಮ್ಮ ಪಾಲು ಯಾವುದು?

ಈಗ ಮುಖ್ಯ ಮಾತಿಗೆ ಬರೋಣ. 2006ರಲ್ಲಿ ಸಲ್ಲಿಕೆಯಾದ ಸಾಚಾರ್ ಸಮಿತಿಯ ವರದಿ, 6ರಿಂದ 14 ವಯಸ್ಸಿನ ಮುಸ್ಲಿಂ ಮಕ್ಕಳಲ್ಲಿ ನಾಲ್ಕರಲ್ಲೊಂದು ಮಗು ಶಾಲೆಯ ಮುಖ ನೋಡಿಲ್ಲ ಅಥವಾ ನಡುವೆ ಬಿಟ್ಟಿದೆ ಎಂದು ಹೇಳಿತ್ತು. ಆ ಮಕ್ಕಳು ಏನಾದರು? ನಮ್ಮ ಊರುಗಳ ಬಸ್‌ಸ್ಟ್ಯಾಂಡಿನ ಹಿಂದಿನ ಬೀದಿಗಳಲ್ಲಿ ಒಮ್ಮೆ ನಡೆದು ನೋಡಿ. ವೆಲ್ಡಿಂಗ್ ಅಂಗಡಿ, ಗ್ಯಾರೇಜು, ಲೇಥ್, ಪಂಪ್‌ಸೆಟ್ ಮೋಟಾರಿಗೆ ತಂತಿ ಸುತ್ತುವ ರಿವೈಂಡಿಂಗ್ ಅಂಗಡಿ. ಅಲ್ಲಿ ದುಡಿಯುವವರಲ್ಲಿ ನಮ್ಮ ಹುಡುಗರು ಬಹಳ.

ಸುಟ್ಟ ಮೋಟಾರನ್ನು ಬಿಚ್ಚಿ, ಎಷ್ಟು ಸುತ್ತು, ಯಾವ ದಪ್ಪದ ತಾಮ್ರದ ತಂತಿ ಎಂದು ಕಣ್ಣಳತೆಯಲ್ಲೇ ಹೇಳುವ ಹುಡುಗನಿಗೆ ಒಂದು ಸತ್ಯ ಯಾರೂ ಹೇಳಿಲ್ಲ. ವಿದ್ಯುತ್ತು ಕೊಟ್ಟರೆ ತಿರುಗುವುದು ಮೋಟಾರು. ತಿರುಗಿಸಿದರೆ ವಿದ್ಯುತ್ತು ಕೊಡುವುದು ಜನರೇಟರು. ಗುಡ್ಡದ ಮೇಲಿನ ಗಾಳಿಯಂತ್ರದ ಹೊಟ್ಟೆಯಲ್ಲಿರುವುದು ಅವನ ಕೈಗೆ ಪಳಗಿದ ಅದೇ ತತ್ವ. ಅವನಿಗೆ ಕೈಕಸುಬು ಇದೆ, ಸರ್ಟಿಫಿಕೇಟ್ ಇಲ್ಲ. ಆ ಒಂದು ಹಾಳೆ ಇಲ್ಲದ್ದಕ್ಕೆ ಅವನ ಊರಿನ ಗುಡ್ಡದ ಮೇಲಿನ ಕೆಲಸಕ್ಕೆ ದೂರದ ಊರಿನವನು ಬರುತ್ತಾನೆ, ಇವನು ಗೇಟಿನ ಕಾವಲಿಗೆ ನಿಲ್ಲುತ್ತಾನೆ. 1887ರಲ್ಲಿ ಗೋಕಾಕದಲ್ಲಿ ಆದದ್ದೇ ಮತ್ತೊಮ್ಮೆ ಆಗುತ್ತದೆ. ಅಂದು ಆಳುವವರು ಬೇರೆಯವರಿದ್ದರು, ನಮಗೆ ನೆಪವಿತ್ತು. ಇಂದು ಆ ನೆಪವಿಲ್ಲ.

ಆದ್ದರಿಂದ ಸಂಘದ ಸದಸ್ಯರಲ್ಲಿ ಕೆಲವು ವಿನಂತಿಗಳು. ಹತ್ತನೆಯ ತರಗತಿಯಲ್ಲಿ ನಿಂತ ಮಕ್ಕಳ ಮನೆಗೆ ಹೋಗಿ ಐಟಿಐ, ಡಿಪ್ಲೊಮಾ ದಾರಿ ತೋರಿಸೋಣ. ಎಲೆಕ್ಟ್ರಿಷಿಯನ್, ಫಿಟ್ಟರ್, ಎಲೆಕ್ಟ್ರಿಕಲ್ ಮತ್ತು ಮೆಕ್ಯಾನಿಕಲ್ ಡಿಪ್ಲೊಮಾ ಓದಿದವರಿಗೆ ಗಾಳಿಯಂತ್ರಗಳ ದುರಸ್ತಿ, ನಿರ್ವಹಣೆಯಲ್ಲಿ ಅವಕಾಶವಿದೆ. ಚೆನ್ನೈನಲ್ಲಿರುವ ರಾಷ್ಟ್ರೀಯ ಪವನಶಕ್ತಿ ಸಂಸ್ಥೆ ಈ ವಿಷಯದಲ್ಲಿ ತರಬೇತಿ ನಡೆಸುತ್ತದೆ. ಎತ್ತರದಲ್ಲಿ ಕೆಲಸ ಮಾಡುವ ಸುರಕ್ಷತೆಯ ತರಬೇತಿ ಇಲ್ಲದೆ ಯಾರೂ ಕಂಬ ಹತ್ತಬಾರದು ಎಂಬುದನ್ನೂ ಮಕ್ಕಳಿಗೆ ತಿಳಿಸಬೇಕು. ಹೆಣ್ಣುಮಕ್ಕಳು ಭೌತಶಾಸ್ತ್ರ, ಎಂಜಿನಿಯರಿಂಗ್ ಓದಲು ಮುಂದಾದರೆ ಅಡ್ಡ ಬರಬೇಡಿ. ಗಾಳಿಯನ್ನು ಅಳೆದು ದೇಶಕ್ಕೆ ಲೆಕ್ಕ ಕೊಟ್ಟವರೇ ಒಬ್ಬ ಮಹಿಳೆ ಎಂದು ನೆನೆಯಿರಿ. ನಮ್ಮ ಶಾಲೆ, ವಸತಿನಿಲಯಗಳ ಮಾಳಿಗೆಯ ಮೇಲೆ ಸೌರಫಲಕ ಹಾಕಿ, ಅದರ ಲೆಕ್ಕವನ್ನು ಮಕ್ಕಳಿಂದಲೇ ಬರೆಸಿದರೆ ಬಿಲ್ಲೂ ಉಳಿಯುತ್ತದೆ, ಪಾಠವೂ ಆಗುತ್ತದೆ. ಹುಕ್ಕೇರಿಯ ಸಹಕಾರಿ ಸಂಘದ ಸದಸ್ಯರಾಗಿರುವವರು ಓಟು ಹಾಕಿ ಮರಳುವುದಷ್ಟೇ ಅಲ್ಲ, ಸಾಮಾನ್ಯ ಸಭೆಗೆ ಹೋಗಿ ಲೆಕ್ಕಪತ್ರ ಓದಲಿ. ಡೆನ್ಮಾರ್ಕಿನ ರೈತರು ಮಾಡಿದ್ದನ್ನು ಹುಕ್ಕೇರಿಯವರು ಮಾಡಲಾರರೇ ಎಂದು ಅಲ್ಲಿ ಕೇಳಲಿ.

ಸೀಸ್ತಾನದ ಕುಶಲಕರ್ಮಿಗಳ ಕಾಲದಲ್ಲಿ ಕಸುಬು ಮತ್ತು ಓದು ಒಂದಾಗಿದ್ದವು ಎಂದೆನಲ್ಲ? ಆಸ್ಕೋವಿನ ಶಾಲೆಯಲ್ಲಿ ಆದದ್ದೂ ಅದೇ. ರಿವೈಂಡಿಂಗ್ ಅಂಗಡಿಗೂ ಕಾಲೇಜಿನ ಪ್ರಯೋಗಾಲಯಕ್ಕೂ ನಡುವೆ ಇರುವ ಗೋಡೆಯಲ್ಲಿ ಒಂದು ಬಾಗಿಲು ತೆರೆಯುವುದು ನಮ್ಮಂಥ ಶಿಕ್ಷಣ ಸಂಘಗಳ ಕೆಲಸ. ಅದು ಆದರೆ ಗೋಕಾಕ, ಮೂಡಲಗಿ, ಹುಕ್ಕೇರಿಯ ಮಕ್ಕಳು ಗುಡ್ಡದ ಯಂತ್ರದ ಕಡೆ ತಲೆಯೆತ್ತಿ ನೋಡುವುದಷ್ಟೇ ಅಲ್ಲ, ಅದರೊಳಗೆ ನಿಂತು ಅದನ್ನು ನಡೆಸುತ್ತಾರೆ. ಆ ದಿನ ಬೇಗ ಬರಲಿ ಎಂದು ದುಆ ಮಾಡೋಣ. ದುಆದ ಜೊತೆಗೆ ಈ ವರ್ಷವೇ ಒಂದಿಬ್ಬರು ಮಕ್ಕಳನ್ನಾದರೂ ಐಟಿಐಗೆ ಸೇರಿಸಿ ಬರೋಣ.